ಬೀಗರ ಎಲೆಗೆ ಬಂದು ಕೂತವರು

“ಅಮ್ಮಾ, ನಿಮಗೆ ಹೈಪರ್‌ಟೆನ್ಷನ್ ಇದೆ.”

“ಇಲ್ಲದೆ ಏನ್ ಸಾರ್? ಮಗಳ ಮದುವೆ ಇನ್ನೂ ಆಗಿಲ್ಲ, ಮಗ ಮನೆ ಕಟ್ಟಿಸ್ತೀನಿ ಅಂತ ಮೈತುಂಬ ಸಾಲ ಮಾಡ್ಕೊಂಡು ಕೂತವ್ನೆ. ಟೆನ್ಷನ್ ಇಲ್ಲದೆ ಇನ್ನೇನಿರುತ್ತೆ?”

ನಮ್ಮ ಯಾವ ಊರಿನ ಆಸ್ಪತ್ರೆಯ ಓಪಿಡಿಯಲ್ಲಿ ಅರ್ಧ ಗಂಟೆ ಕೂತರೂ ಇಂಥ ಮಾತು ಕಿವಿಗೆ ಬೀಳುತ್ತದೆ. ಡಾಕ್ಟರು ಹೇಳಿದ್ದು ರಕ್ತನಾಳದೊಳಗಿನ ಒತ್ತಡದ ಸಂಗತಿ, ಅಮ್ಮ ಕೇಳಿಸಿಕೊಂಡದ್ದು ಮನೆಯೊಳಗಿನ ಒತ್ತಡದ ಸಂಗತಿ. ತಪ್ಪು ಅಮ್ಮನದೇನಲ್ಲ. ಇಂಗ್ಲಿಷಿನ ‘ಟೆನ್ಷನ್’ಗೂ ನಮ್ಮ ‘ಒತ್ತಡ’ಕ್ಕೂ ಒಂದೇ ಚಾಳಿ. ಪೈಪಿನೊಳಗಿನ ನೀರಿಗೂ ತಲೆಯೊಳಗಿನ ಚಿಂತೆಗೂ ಒಂದೇ ಪದದಲ್ಲಿ ಕೆಲಸ ಮುಗಿಸಿಬಿಡುತ್ತವೆ. ಅದರಿಂದಾಗಿ ನಾವೆಲ್ಲ ಮನಸ್ಸಿನಲ್ಲೇ ಒಂದು ನೇರ ಗೆರೆ ಎಳೆದುಕೊಂಡಿದ್ದೇವೆ: ಚಿಂತೆ ಹೆಚ್ಚಿದರೆ ಹಾರ್ಮೋನು ಹೆಚ್ಚುತ್ತದೆ, ಹಾರ್ಮೋನು ಹೆಚ್ಚಿದರೆ ಬಿಪಿ ಏರುತ್ತದೆ.

ಗೆರೆ ಪೂರಾ ಸುಳ್ಳಲ್ಲ. ಆದರೆ ಅದರ ನಡುವೆ ಒಂದು ಬಾಗಿಲಿದೆ, ಬಾಗಿಲಲ್ಲಿ ಒಬ್ಬ ಕಾವಲುಗಾರನಿದ್ದಾನೆ. ಅವನು ಕೆಲಸ ಬಿಟ್ಟು ಕೂತರೆ ಯಾವ ಚಿಂತೆಯೂ ಇಲ್ಲದವರ ಬಿಪಿ ಕೂಡ ಗಾಬರಿಯಾಗುವಷ್ಟು ಏರಬಹುದು. ಆಗ ರಕ್ತ ತೆಗೆದು ಪರೀಕ್ಷಿಸಿದರೆ ಒತ್ತಡದ ಹಾರ್ಮೋನಿನ ಪ್ರಮಾಣ ಸರಿಯಾಗಿಯೇ ಇರುತ್ತದೆ. ಹಾರ್ಮೋನು ಎಷ್ಟು ಹುಟ್ಟಿತು ಎಂಬುದರಷ್ಟೇ ಅದನ್ನು ಎಲ್ಲಿ, ಯಾರು ವಿಲೇವಾರಿ ಮಾಡಿದರು ಎಂಬುದೂ ಮುಖ್ಯ. ಈ ಸಂಗತಿಯನ್ನು ವೈದ್ಯರಿಗೆ ಕಲಿಸಿದ್ದು ಒಂದು ಸಿಹಿ ಬೇರು. ನಮ್ಮ ಗ್ರಂಧಿಗೆ ಅಂಗಡಿಗಳಲ್ಲಿ ಗೋಣಿಚೀಲದಲ್ಲಿ ಸಿಗುವ, ಕೆಮ್ಮಿದ ಮಗುವಿಗೆ ಅಜ್ಜಿಯರು ತೇದು ಜೇನುತುಪ್ಪದಲ್ಲಿ ನೆಕ್ಕಿಸುವ ಜ್ಯೇಷ್ಠಮಧು.

ಅವಸರದವನು, ನಿಧಾನಸ್ಥ

ಎರಡೂ ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಿಟ್ಟಂತೆ ಒಂದೊಂದು ಅಡ್ರಿನಲ್ ಗ್ರಂಥಿ ಇದೆ. ಒಂದೊಂದರ ತೂಕ ನಾಲ್ಕೈದು ಗ್ರಾಂ, ಅಷ್ಟೆ. ಅದರ ತಿರುಳಿನಿಂದ ಅಡ್ರಿನಲಿನ್ ಬರುತ್ತದೆ, ಸಿಪ್ಪೆಯಿಂದ ಕಾರ್ಟಿಸಾಲ್ ಬರುತ್ತದೆ. ಒತ್ತಡದ ಹಾರ್ಮೋನುಗಳು ಎಂದು ನಾವು ಕರೆಯುವುದು ಮುಖ್ಯವಾಗಿ ಈ ಎರಡನ್ನು.

ಅಡ್ರಿನಲಿನ್ ಅವಸರದ ಗಿರಾಕಿ. ರಾತ್ರಿ ಬೈಕಿನಲ್ಲಿ ಬರುವಾಗ ಬೀದಿ ನಾಯಿ ಅಟ್ಟಿಸಿಕೊಂಡು ಬಂತು ಅನ್ನಿ. ಎದೆ ಡವಗುಟ್ಟುತ್ತದೆ, ಬಿಪಿ ಒಮ್ಮೆಗೇ ಏರುತ್ತದೆ. ಮುಂದಿನ ಬೀದಿಗೆ ತಿರುಗಿ ನಾಯಿ ಹಿಂದುಳಿಯಿತೆಂದರೆ ಐದಾರು ನಿಮಿಷದಲ್ಲಿ ಎಲ್ಲ ತಣ್ಣಗಾಗುತ್ತದೆ. ಏಕೆಂದರೆ ರಕ್ತಕ್ಕೆ ಬಿದ್ದ ಅಡ್ರಿನಲಿನ್ನಿನ ಅರ್ಧ ಭಾಗ ಎರಡು ಮೂರು ನಿಮಿಷದಲ್ಲೇ ಮಾಯವಾಗುತ್ತದೆ. ಅದನ್ನು ಒಡೆದು ಹಾಕುವ ಕಿಣ್ವಗಳು ಮುಖ್ಯವಾಗಿ ಎರಡು. ಒಂದರ ಹೆಸರು ಕಾಮ್ಟ್, ಇನ್ನೊಂದರದು ಮಾವೊ. ಕಾಮ್ಟ್ ಕಿಣ್ವವನ್ನು ಅಮೆರಿಕದ ಜೂಲಿಯಸ್ ಆ್ಯಕ್ಸೆಲ್ರಾಡ್ 1950ರ ದಶಕದ ಕೊನೆಯಲ್ಲಿ ಪತ್ತೆಹಚ್ಚಿದರು. ನರಗಳ ಸಂದೇಶ ರಾಸಾಯನಿಕಗಳ ಮೇಲಿನ ಕೆಲಸಕ್ಕೆ 1970ರ ನೊಬೆಲ್ ಬಹುಮಾನದಲ್ಲಿ ಅವರಿಗೂ ಪಾಲು ಸಿಕ್ಕಿತು.

ಆ ಒಡೆದ ಚೂರುಗಳು ಇಂದು ರೋಗ ಪತ್ತೆಗೆ ಒದಗುತ್ತಿವೆ. ಅಪರೂಪಕ್ಕೆ ಕೆಲವರ ಅಡ್ರಿನಲ್ ತಿರುಳಿನಲ್ಲಿ ಗಡ್ಡೆ ಬೆಳೆದು ಹೊತ್ತಿಲ್ಲದ ಹೊತ್ತಿನಲ್ಲಿ ಅಡ್ರಿನಲಿನ್ ಸುರಿಯುತ್ತದೆ. ತಲೆ ಸಿಡಿತ, ಬೆವರು, ಎದೆಬಡಿತ, ಕಂಡಾಪಟ್ಟೆ ಬಿಪಿ. ಪರೀಕ್ಷೆಗೆ ರಕ್ತ ತೆಗೆಯುವ ಹೊತ್ತಿಗೆ ಅಡ್ರಿನಲಿನ್ ಇಳಿದುಹೋಗಿರಬಹುದು. ಆದ್ದರಿಂದ ವೈದ್ಯರು ಅದು ಒಡೆದಾಗ ಉಳಿಯುವ ಮೆಟಾನೆಫ್ರಿನ್ ಎಂಬ ಚೂರನ್ನು ಅಳೆಯುತ್ತಾರೆ. ಮದುವೆ ಮನೆಯ ಹಿತ್ತಿಲಲ್ಲಿ ಬಿದ್ದಿರುವ ಎಂಜಲೆಲೆ ಎಣಿಸಿ ಎಷ್ಟು ಜನ ಉಂಡರು ಎಂದು ಹೇಳಿದ ಹಾಗೆ.

ಕಾರ್ಟಿಸಾಲ್ ನಿಧಾನಸ್ಥ. ಬೆಳಗಿನ ಜಾವ ಏರಿ, ನಾವು ಎದ್ದು ಮುಖ ತೊಳೆಯುವ ಹೊತ್ತಿಗೆ ಹೆಚ್ಚಿನ ಮಟ್ಟದಲ್ಲಿದ್ದು, ಮಧ್ಯರಾತ್ರಿಗೆ ತೀರಾ ಇಳಿಯುತ್ತದೆ. ಜ್ವರ, ಗಾಯ, ಉಪವಾಸ, ಭಯ ಏನೇ ಬಂದರೂ ಹೆಚ್ಚುತ್ತದೆ. ರಕ್ತದಲ್ಲಿ ಸಕ್ಕರೆ ಒದಗಿಸುವುದು, ಉರಿಯೂತ ತಗ್ಗಿಸುವುದು, ರಕ್ತನಾಳಗಳು ಅಡ್ರಿನಲಿನ್ನಿನ ಮಾತು ಕೇಳುವಂತೆ ನೋಡಿಕೊಳ್ಳುವುದು ಇದರ ಕೆಲಸ. ಅದಿಲ್ಲದೆ ಬದುಕಿಲ್ಲ. ನಮ್ಮ ಕತೆ ಇದರದ್ದೇ.

ಉಪ್ಪಿನ ಲೆಕ್ಕ

ಬಿಪಿಯ ಕತೆ ಹೃದಯದಲ್ಲಿ ಶುರುವಾದರೂ ತೀರ್ಮಾನವಾಗುವುದು ಬಹುಪಾಲು ಮೂತ್ರಪಿಂಡದಲ್ಲಿ. ದಿನಕ್ಕೆ ಸುಮಾರು 180 ಲೀಟರ್ ದ್ರವ ಅಲ್ಲಿ ಸೋಸಿ ಬೀಳುತ್ತದೆ. ಅದರಲ್ಲಿ ಕರಗಿರುವ ಸೋಡಿಯಮ್ಮನ್ನು ಅಡುಗೆ ಉಪ್ಪಿನ ಲೆಕ್ಕಕ್ಕೆ ತಂದರೆ ಹೆಚ್ಚುಕಡಿಮೆ ಒಂದೂವರೆ ಕೆಜಿ ಆಗುತ್ತದೆ. ಅಷ್ಟೂ ಮೂತ್ರದಲ್ಲಿ ಹೋಗಿಬಿಟ್ಟರೆ ನಾವು ಸಂಜೆಯವರೆಗೂ ಉಳಿಯುವುದಿಲ್ಲ. ಆದ್ದರಿಂದ ಮೂತ್ರಪಿಂಡದ ನಾಳಗಳು ಹೆಚ್ಚಿನ ಪಾಲನ್ನು ಮೊದಲ ಹಂತಗಳಲ್ಲೇ ಹಿಂದಕ್ಕೆ ಎಳೆದುಕೊಳ್ಳುತ್ತವೆ. ಕೊನೆಗೆ ನಾಳದ ತುದಿ ತಲುಪುವುದು ಶೇಕಡಾ ಎರಡೋ ಮೂರೋ. ಅದೇ ಮೂವತ್ತು ನಲವತ್ತು ಗ್ರಾಂ ಉಪ್ಪು. ಇಡೀ ದಿನಕ್ಕೆ 5 ಗ್ರಾಂ ದಾಟಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಉಪ್ಪಿಗೆ ಹೋಲಿಸಿದರೆ ಇದು ಸಣ್ಣದೇನಲ್ಲ. ಇಲ್ಲಿ ಒಂದು ಚೂರು ಹೆಚ್ಚು ಎಳೆದುಕೊಂಡರೂ ಉಪ್ಪಿನ ಬೆನ್ನಿಗೇ ನೀರು ಬರುತ್ತದೆ, ರಕ್ತ ತುಂಬಿಕೊಳ್ಳುತ್ತದೆ, ಬಿಪಿ ಏರುತ್ತದೆ. ಸೋಡಿಯಂ ಒಳಬಂದಷ್ಟೂ ಪೊಟ್ಯಾಸಿಯಂ ಹೊರಹೋಗುತ್ತದೆ.

ಈ ಕೊನೆಯ ಪಾಲಿನ ಯಜಮಾನಿಕೆ ಆಲ್ಡೊಸ್ಟಿರೋನ್ ಎಂಬ ಮೂರನೆಯ ಹಾರ್ಮೋನಿನದು. ಅದೂ ಅಡ್ರಿನಲ್ ಸಿಪ್ಪೆಯಿಂದಲೇ ಬರುತ್ತದೆ. ಲಂಡನ್ನಿನಲ್ಲಿ ಸಿಲ್ವಿಯಾ ಸಿಂಪ್ಸನ್ ಮತ್ತು ಜೇಮ್ಸ್ ಟೇಟ್ ಇದನ್ನು ಸ್ವಿಟ್ಜರ್ಲೆಂಡಿನ ರಸಾಯನ ವಿಜ್ಞಾನಿಗಳ ಜೊತೆ ಸೇರಿ 1953ರಲ್ಲಿ ಬೇರ್ಪಡಿಸಿದರು. ಇದು ನಾಳದ ಕೊನೆಯ ಜೀವಕೋಶಗಳೊಳಗಿನ ಒಂದು ಗ್ರಾಹಿಯ ಮೇಲೆ ಹೋಗಿ ಕೂತರೆ ಉಪ್ಪು ಎಳೆಯುವ ಕೆಲಸ ಆರಂಭವಾಗುತ್ತದೆ.

ಗ್ರಾಹಿ ಎಂದ ಕೂಡಲೇ ಪಠ್ಯಪುಸ್ತಕಗಳು ಬೀಗ ಮತ್ತು ಕೀಲಿಕೈಯ ಚಿತ್ರ ಬರೆಯುತ್ತವೆ. ನನಗೆ ಬೀಗಕ್ಕಿಂತ ಬೀಗರೇ ವಾಸಿ. ಛತ್ರದಲ್ಲಿ ಬೀಗರಿಗೆಂದು ಒಂದು ಸಾಲು ಎಲೆ ಹಾಕಿಸಿದ್ದೀರಿ. ಎಲೆ ಮುಂದೆ ಯಾರು ಕೂತರೋ ಅವರಿಗೆ ಬಡಿಸುತ್ತಾ ಹೋಗು ಎಂದು ಬಡಿಸುವವನಿಗೆ ಹೇಳಿದ್ದೀರಿ. ಅವನು ಹೆಸರು ಕೇಳುವುದಿಲ್ಲ. ಪೇಟ ಕಟ್ಟಿಕೊಂಡು ಬಂದು ಕೂತವರಿಗೆಲ್ಲ ಎಲೆಯ ಮೂಲೆಗೆ ಉಪ್ಪು ಹಾಕುತ್ತಾ ಹೋಗುತ್ತಾನೆ. ಈ ಛತ್ರದಲ್ಲಿ ಬಡಿಸುವುದು ಅದೊಂದೇ, ಉಪ್ಪು.

ತೊಂದರೆ ಏನೆಂದರೆ, ಕಾರ್ಟಿಸಾಲೂ ಅಂಥದೇ ಪೇಟ ಕಟ್ಟಿಕೊಂಡು ಬರುತ್ತದೆ. 1987ರಲ್ಲಿ ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯ ರೊನಾಲ್ಡ್ ಇವಾನ್ಸ್ ತಂಡ ಈ ಗ್ರಾಹಿಯ ಜೀನನ್ನು ಹಿಡಿದು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದಾಗ ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ. ಆಲ್ಡೊಸ್ಟಿರೋನ್ ಎಷ್ಟು ಗಟ್ಟಿಯಾಗಿ ಅಲ್ಲಿ ಕೂರುತ್ತದೋ ಕಾರ್ಟಿಸಾಲೂ ಅಷ್ಟೇ ಗಟ್ಟಿಯಾಗಿ ಕೂರುತ್ತದೆ. ಇನ್ನು ಸಂಖ್ಯೆ ನೋಡಿ. ದೇಹ ದಿನಕ್ಕೆ ತಯಾರಿಸುವ ಆಲ್ಡೊಸ್ಟಿರೋನ್ ಒಂದು ಮಿಲಿಗ್ರಾಮಿನ ಹತ್ತನೇ ಒಂದು ಪಾಲಿನ ಆಸುಪಾಸು, ಕಾರ್ಟಿಸಾಲ್ 10ರಿಂದ 20 ಮಿಲಿಗ್ರಾಂ. ರಕ್ತದ ಪ್ರೋಟೀನಿಗೆ ಅಂಟಿಕೊಂಡು ಓಡಾಡುವ ಪಾಲನ್ನು ಬಿಟ್ಟು ಲೆಕ್ಕ ಹಾಕಿದರೂ ಒಬ್ಬ ಬೀಗರಿಗೆ ನೂರು ಜನ ಬೇರೆಯವರು.

ಹಾಗಿದ್ದ ಮೇಲೆ ಬೀಗರಿಗೆ ಎಲೆ ಸಿಗುವುದಾದರೂ ಹೇಗೆ? ಎಲ್ಲ ಎಲೆಗಳ ಮುಂದೆಯೂ ಸದಾ ಕಾರ್ಟಿಸಾಲೇ ಕೂತಿರಬೇಕಲ್ಲ? ಹಾಗಾಗಿದ್ದರೆ ಮನುಷ್ಯರೆಲ್ಲ ಹುಟ್ಟುವಾಗಲೇ ಬಿಪಿ ರೋಗಿಗಳಾಗಿರಬೇಕಿತ್ತು.

ಹಾಲೆಂಡಿನ ಔಷಧಿ ಅಂಗಡಿ

ಉತ್ತರ ಸಿಗುವುದಕ್ಕೆ ನಲವತ್ತು ವರ್ಷ ಮೊದಲೇ ಅದರ ಸುಳಿವು ಸಿಕ್ಕಿತ್ತು. ಹಾಲೆಂಡಿನ ಉತ್ತರಕ್ಕೆ ಹೀರೆನ್‌ವೀನ್ ಎಂಬ ಊರಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿಯ ಔಷಧಿ ಅಂಗಡಿಯವನೊಬ್ಬ ಕೊಡುತ್ತಿದ್ದ ಲೇಹ್ಯ ಹೊಟ್ಟೆಹುಣ್ಣಿಗೆ ಒಳ್ಳೆಯದೆಂದು ಹೆಸರಾಗಿತ್ತು. ಅದರ ಮುಖ್ಯ ಸರಕು ಜ್ಯೇಷ್ಠಮಧುವಿನ ರಸ. ಅದೇ ಊರಿನ ವೈದ್ಯ ರೆವರ್ಸ್ ಅದನ್ನು ತಮ್ಮ ರೋಗಿಗಳ ಮೇಲೆ ಪ್ರಯೋಗಿಸಿ 1946ರಲ್ಲಿ ವರದಿ ಬರೆದರು. ಹುಣ್ಣು ಮಾಗುತ್ತಿತ್ತು, ನಿಜ. ಆದರೆ ಐವರಲ್ಲಿ ಒಬ್ಬರಿಗೆ ಮುಖ, ಕಾಲು ಊದಿಕೊಳ್ಳುತ್ತಿದ್ದವು. ಲೇಹ್ಯ ನಿಲ್ಲಿಸಿದರೆ ಊತ ಇಳಿಯುತ್ತಿತ್ತು.

ಊತವೆಂದರೆ ಉಪ್ಪುನೀರು ಮೈಯಲ್ಲಿ ನಿಂತಿದೆ ಎಂದರ್ಥ. ಆಮ್‌ಸ್ಟರ್‌ಡ್ಯಾಮಿನ ಬೋರ್ಸ್ಟ್ ಮತ್ತು ಸಂಗಡಿಗರು ಈ ಎಳೆ ಹಿಡಿದು ಹೊರಟರು. ಈ ಬೇರಿನ ಸಾರ ಅಡ್ರಿನಲ್ ಹಾರ್ಮೋನಿನಂತೆಯೇ ಉಪ್ಪು ಹಿಡಿದಿಡುತ್ತದೆ ಎಂದು ಅವರು 1950ರಲ್ಲಿ ಬರೆದರು. ಅಡ್ರಿನಲ್ ಗ್ರಂಥಿ ಕೆಟ್ಟುಹೋಗಿ ಉಪ್ಪು ಸೋರಿಹೋಗುವ ಆ್ಯಡಿಸನ್ ಕಾಯಿಲೆಗೆ ಇದೇ ಮದ್ದಾಗಬಹುದಲ್ಲ? ಕೊಟ್ಟು ನೋಡಿದರು. 1953ರ ಅವರ ವರದಿಯಲ್ಲಿ ವಿಚಿತ್ರವೊಂದಿತ್ತು. ಗ್ರಂಥಿ ಪೂರಾ ಸತ್ತುಹೋಗಿದ್ದವರಿಗೆ ಬರೀ ಜ್ಯೇಷ್ಠಮಧು ಕೊಟ್ಟರೆ ಏನೂ ಆಗುತ್ತಿರಲಿಲ್ಲ. ಜೊತೆಗೆ ಕಾರ್ಟಿಸಾಲಿನ ಹತ್ತಿರದ ನೆಂಟ ಕಾರ್ಟಿಸೋನನ್ನು ಒಂದಿಷ್ಟು ಕೊಟ್ಟರೆ ಬೇರಿಗೆ ಜೀವ ಬರುತ್ತಿತ್ತು.

ಇಂದು ನೋಡಿದರೆ ಉತ್ತರ ಅಲ್ಲೇ ಇತ್ತು. ಬೇರು ತಾನೇ ಹೋಗಿ ಬೀಗರ ಎಲೆಗೆ ಕೂತಿದ್ದರೆ ಕಾರ್ಟಿಸೋನಿನ ಹಂಗು ಬೇಕಿರಲಿಲ್ಲ. ಅದು ಇನ್ನೇನನ್ನೋ ಮಾಡುತ್ತಿತ್ತು. ಆದರೆ ಬೇರಿನ ಸಾರವೇ ಹಾರ್ಮೋನಿನ ವೇಷ ಹಾಕುತ್ತದೆ ಎಂಬ ಸುಲಭದ ವಿವರಣೆಯೇ ಹಲವು ವರ್ಷ ಉಳಿದುಕೊಂಡಿತು. 1960ರ ದಶಕದಲ್ಲಿ ಬ್ರಿಟನ್ನಿನಲ್ಲಿ ಇದೇ ಬೇರಿನ ಸತ್ವದಿಂದ ಕಾರ್ಬೆನಾಕ್ಸಲೋನ್ ಎಂಬ ಹುಣ್ಣಿನ ಮಾತ್ರೆ ಬಂತು. ಹುಣ್ಣಿನ ಜೊತೆ ಜೊತೆಗೇ ಬಿಪಿ, ಊತ, ಪೊಟ್ಯಾಸಿಯಂ ಕೊರತೆಯೂ ಅದರ ಚೀಟಿಯಲ್ಲಿ ಸೇರಿಕೊಂಡವು.

ಬಾಗಿಲಲ್ಲಿ ನಿಂತವನು

ಇನ್ನೊಂದು ಎಳೆ ಮಕ್ಕಳ ವಾರ್ಡಿನಿಂದ ಬಂತು. ನ್ಯೂಯಾರ್ಕಿನ ಮರಿಯಾ ನ್ಯೂ ಮತ್ತು ಸ್ಟ್ಯಾನ್ಲಿ ಉಲಿಕ್ 1970ರ ದಶಕದ ಕೊನೆಗೆ ಕೆಲವು ಪುಟ್ಟ ಮಕ್ಕಳ ಕತೆ ಬರೆದರು. ಹುಟ್ಟುವಾಗಲೇ ತೂಕ ಕಡಿಮೆ, ಬೆಳವಣಿಗೆ ಇಲ್ಲ, ಸದಾ ಬಾಯಾರಿಕೆ, ಪೊಟ್ಯಾಸಿಯಂ ಪಾತಾಳಕ್ಕೆ, ಬಿಪಿ ಮುದುಕರನ್ನೂ ಮೀರಿಸುವಷ್ಟು. ಎಲ್ಲ ಲಕ್ಷಣವೂ ಆಲ್ಡೊಸ್ಟಿರೋನ್ ಉಕ್ಕಿ ಹರಿಯುತ್ತಿರುವವರದು. ಅಳೆದರೆ ಆಲ್ಡೊಸ್ಟಿರೋನ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಬೀಗರು ಬಂದೇ ಇಲ್ಲ, ಎಲೆಗಳೆಲ್ಲ ಭರ್ತಿ, ಉಪ್ಪು ಬಡಿಸಿ ಬಡಿಸಿ ಖಾಲಿ! ಉಲಿಕ್ ಆ ಮಕ್ಕಳ ಮೂತ್ರ ಪರೀಕ್ಷಿಸಿ ಇನ್ನೊಂದು ವ್ಯತ್ಯಾಸ ಕಂಡರು. ನಮ್ಮೆಲ್ಲರ ಮೂತ್ರದಲ್ಲೂ ಕಾರ್ಟಿಸಾಲಿನ ಚೂರುಗಳ ಜೊತೆ ಕಾರ್ಟಿಸೋನಿನ ಚೂರುಗಳೂ ಹೆಚ್ಚುಕಡಿಮೆ ಸಮನಾಗಿ ಇರುತ್ತವೆ. ಈ ಮಕ್ಕಳಲ್ಲಿ ಕಾರ್ಟಿಸೋನಿನವು ಇಲ್ಲವೆನ್ನುವಷ್ಟು ಕಡಿಮೆ. ಇಲ್ಲೂ ಎಂಜಲೆಲೆಯೇ ಸತ್ಯ ಹೇಳಿತು.

ಕಾರ್ಟಿಸಾಲ್, ಕಾರ್ಟಿಸೋನ್ ಎಂಬ ಈ ಅಣ್ಣತಮ್ಮಂದಿರಿಗೆ ಎಷ್ಟು ವ್ಯತ್ಯಾಸ? ಕಾರ್ಟಿಸಾಲಿನ ಹನ್ನೊಂದನೇ ಇಂಗಾಲದ ತಾಣದಿಂದ ಎರಡು ಹೈಡ್ರೋಜನ್ ಪರಮಾಣುಗಳನ್ನು ಕಿತ್ತರೆ ಕಾರ್ಟಿಸೋನ್. ಅಷ್ಟೇ. ಆದರೆ ಆ ಎರಡು ಪರಮಾಣುಗಳೇ ಪೇಟ. ಪೇಟವಿಲ್ಲದ ಕಾರ್ಟಿಸೋನಿಗೆ ಎಲೆ ಮುಂದೆ ಜಾಗ ಸಿಗುವುದಿಲ್ಲ.

1988ರಲ್ಲಿ ಎಡಿನ್‌ಬರೋದ ಕ್ರಿಸ್ಟೋಫರ್ ಎಡ್ವರ್ಡ್ಸ್ ಮತ್ತು ಪಾಲ್ ಸ್ಟೀವರ್ಟ್ ತಂಡ, ಮೆಲ್ಬರ್ನಿನ ಜಾನ್ ಫಂಡರ್ ತಂಡ, ಎರಡೂ ಒಂದೇ ವರ್ಷ ಒಂದೇ ಉತ್ತರ ಕೊಟ್ಟವು. ಗ್ರಾಹಿಗೆ ಬೀಗರು ಯಾರು, ಬೇರೆಯವರು ಯಾರು ಎಂಬ ವಿವೇಕವಿಲ್ಲ. ವಿವೇಕ ಇರುವುದು ಅದರ ಪಕ್ಕದಲ್ಲೇ, ಅದೇ ಜೀವಕೋಶದಲ್ಲಿ ನಿಂತಿರುವ ಒಂದು ಕಿಣ್ವಕ್ಕೆ. ಒಳಗೆ ಬರುವ ಪ್ರತಿಯೊಂದು ಕಾರ್ಟಿಸಾಲನ್ನೂ ಹಿಡಿದು ಅದು ಪೇಟ ಬಿಚ್ಚಿಸಿ ಕಾರ್ಟಿಸೋನ್ ಮಾಡಿ ಬಿಡುತ್ತದೆ. ಆಲ್ಡೊಸ್ಟಿರೋನಿನ ಪೇಟ ಕಟ್ಟಿರುವ ಬಗೆ ಬೇರೆ. ಅದನ್ನು ಬಿಚ್ಚಲು ಇದಕ್ಕೆ ಆಗುವುದಿಲ್ಲ. ಹಾಗಾಗಿ ನೂರು ಜನರ ನೂಕುನುಗ್ಗಲಿನಲ್ಲೂ ಬೀಗರು ಬಂದು ನೆಮ್ಮದಿಯಾಗಿ ಕೂರುತ್ತಾರೆ. ಕಿಣ್ವದ ಪೂರ್ತಿ ಹೆಸರು ‘ಹನ್ನೊಂದು ಬೀಟಾ ಹೈಡ್ರಾಕ್ಸಿಸ್ಟಿರಾಯ್ಡ್ ಡಿಹೈಡ್ರಾಜಿನೇಸ್, ಎರಡನೇ ಬಗೆ’. ಒಮ್ಮೆ ಓದಿ ಮರೆತುಬಿಡಿ. ನಮಗೆ ಅದು ಬಾಗಿಲು ಕಾಯುವವನು.

ಆ ಮಕ್ಕಳಲ್ಲಿ ಈ ಕಿಣ್ವದ ಜೀನೇ ಕೆಟ್ಟಿರುತ್ತದೆ ಎಂಬುದು 1995ರಲ್ಲಿ ಖಚಿತವಾಯಿತು. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ರೋಗ. ಸೋದರಮಾವ, ಅತ್ತೆಯ ಮಗ ಎಂದು ಹತ್ತಿರದ ನೆಂಟಸ್ತನದಲ್ಲೇ ಮದುವೆಯಾಗುವಲ್ಲಿ ಇಂಥ ಅಪರೂಪದ ಪ್ರತಿಗಳು ಜೊತೆಯಾಗುವ ಸಂಭವ ಹೆಚ್ಚು.

ಆ ಕೆಟ್ಟ ಜೀನು ಮಾಡುವ ಕೆಲಸವನ್ನೇ ಜ್ಯೇಷ್ಠಮಧುವೂ ಮಾಡುತ್ತದೆ. ಅದರ ಸಿಹಿಗೆ ಕಾರಣ ಗ್ಲಿಸಿರೈಜಿನ್. ನಮ್ಮ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ಸಿಗುವ ಆಮ್ಲ ರಕ್ತಕ್ಕೆ ಸೇರಿ, ಮೂತ್ರಪಿಂಡಕ್ಕೆ ಬಂದು, ಬಾಗಿಲು ಕಾಯುವವನ ಕೈ ಕಟ್ಟಿಹಾಕುತ್ತದೆ. ಎಡಿನ್‌ಬರೋದಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ ದಿನಾ ಲಿಕರಿಸ್, ಅಂದರೆ ಜ್ಯೇಷ್ಠಮಧುವಿನ ಮಿಠಾಯಿ ತಿನ್ನಿಸಿ ಸ್ಟೀವರ್ಟ್ ತಂಡ ಇದನ್ನು 1987ರಲ್ಲೇ ತೋರಿಸಿತ್ತು. ಬೋರ್ಸ್ಟರ ಒಗಟೂ ಬಿಡಿಸಿಕೊಂಡಿತು. ನುಗ್ಗುವವರೇ ಇಲ್ಲದ ಛತ್ರದಲ್ಲಿ ಕಾವಲುಗಾರನ ಕೈ ಕಟ್ಟಿದರೇನು, ಬಿಟ್ಟರೇನು?

ಇಲ್ಲೊಂದು ತಮಾಷೆಯಿದೆ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ ರೋಗಿಗೆ ಕಾರ್ಟಿಸೋನ್ ಚುಚ್ಚುಮದ್ದು ಕೊಟ್ಟರು. ಕೆಲವೇ ದಿನದಲ್ಲಿ ರೋಗಿ ಎದ್ದು ಓಡಾಡಿದ್ದು ಜಗತ್ತಿನ ಸುದ್ದಿಯಾಯಿತು. 1950ರಲ್ಲಿ ಹೆಂಚ್, ಕೆಂಡಾಲ್, ರೈಕ್‌ಸ್ಟೈನ್ ಮೂವರಿಗೆ ನೊಬೆಲ್ ಬಂತು. ಆದರೆ ಕಾರ್ಟಿಸೋನ್ ಎಂಬುದು ಪೇಟ ಕಳೆದುಕೊಂಡ ನಿಷ್ಕ್ರಿಯ ಪದಾರ್ಥ! ಅದು ಕೆಲಸ ಮಾಡಿದ್ದು ಏಕೆಂದರೆ ಪಿತ್ತಜನಕಾಂಗದಲ್ಲಿ ಈ ಕಿಣ್ವದ ಅಣ್ಣ, ಅಂದರೆ ಮೊದಲನೇ ಬಗೆಯದು ಇದೆ. ತಮ್ಮ ಬಿಚ್ಚಿದ ಪೇಟವನ್ನು ಅಣ್ಣ ಮತ್ತೆ ಕಟ್ಟಿ ಕಳಿಸುತ್ತಾನೆ. ಊದಿದ ಮಂಡಿಯೊಳಕ್ಕೇ ನೇರ ಚುಚ್ಚಿದಾಗ ಕಾರ್ಟಿಸೋನ್ ಅಷ್ಟಾಗಿ ಕೆಲಸ ಮಾಡದೆ, ಹೈಡ್ರೋಕಾರ್ಟಿಸೋನ್ ಎಂದು ಅಂಗಡಿಯಲ್ಲಿ ಕರೆಯುವ ಕಾರ್ಟಿಸಾಲ್ ಮಾತ್ರ ಕೆಲಸ ಮಾಡಿದ್ದಕ್ಕೂ ಇದೇ ಕಾರಣ. ಒಂದೇ ಹಾರ್ಮೋನು ಒಂದು ಅಂಗದಲ್ಲಿ ಎಚ್ಚರ, ಇನ್ನೊಂದರಲ್ಲಿ ನಿದ್ದೆ. ರಕ್ತ ಪರೀಕ್ಷೆಯ ವರದಿಯಲ್ಲಿ ಬರುವ ಒಂದು ಅಂಕಿ ಇದನ್ನೆಲ್ಲ ಹೇಳಲಾರದು.

ಯಾವ ಮಾತ್ರೆ ಎಲ್ಲಿ ಕೈಯಿಡುತ್ತದೆ

ಛತ್ರದ ಗದ್ದಲ ನಿಲ್ಲಿಸಲು ಮೂರು ದಾರಿಗಳಿವೆ. ಮೂರಕ್ಕೂ ಔಷಧಿಯಿದೆ.

ಮೊದಲನೆಯದು, ಎಲೆ ಮುಂದೆ ನಮ್ಮವರೇ ಯಾರನ್ನಾದರೂ ಸುಮ್ಮನೆ ಕೂರಿಸುವುದು. ಪೇಟವಿದ್ದರೂ ಬಡಿಸುವವನತ್ತ ತಿರುಗಿ ನೋಡದವರನ್ನು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಸರ್ಲ್ ಕಂಪನಿಯಲ್ಲಿ ತಯಾರಾದ ಸ್ಪೈರೊನೊಲ್ಯಾಕ್ಟೋನ್ ಇಂಥದು. ಆಲ್ಡೊಸ್ಟಿರೋನ್ ಬರಲಿ, ಕಾರ್ಟಿಸಾಲ್ ಬರಲಿ, ಜಾಗ ಭರ್ತಿ. ಆದರೆ ಇದು ಬೇರೆ ಛತ್ರಗಳಿಗೂ ಹೋಗಿ ಕೂರುತ್ತದೆ. ಗಂಡಸರ ಹಾರ್ಮೋನಿನ ಗ್ರಾಹಿಗೂ ಅಂಟಿ ಕೆಲವರಲ್ಲಿ ಎದೆ ಊದಿ ನೋವು ಬರಿಸುತ್ತದೆ. ಆಮೇಲೆ ಬಂದ ಎಪ್ಲೆರಿನೋನ್ ಆ ಅಡ್ಡಹಾದಿ ಹಿಡಿಯುವುದು ಕಡಿಮೆ. ಎರಡನೆಯದು, ಬಡಿಸುವವನ ಕೈಯಿಂದ ಪಾತ್ರೆಯನ್ನೇ ಕಿತ್ತುಕೊಳ್ಳುವುದು. ಅಮಿಲೊರೈಡ್ ಸೋಡಿಯಂ ಒಳಬರುವ ಕಿಂಡಿಯನ್ನೇ ಮುಚ್ಚುತ್ತದೆ. ಮೂರನೆಯದು, ಜನರನ್ನು ಕರೆಯುವುದನ್ನೇ ಕಡಿಮೆ ಮಾಡುವುದು. ಡೆಕ್ಸಾಮೆಥಾಸೋನ್ ಕೊಟ್ಟರೆ ಮಿದುಳು ಸಾಕಷ್ಟು ಕಾರ್ಟಿಸಾಲ್ ಇದೆಯೆಂದು ನಂಬಿ ಉತ್ಪಾದನೆ ತಗ್ಗಿಸುತ್ತದೆ. ಆ ಅಪರೂಪದ ಮಕ್ಕಳಿಗೆ ಇವೆಲ್ಲವನ್ನೂ ಬಳಸಿದ್ದಾರೆ.

ನಮ್ಮಲ್ಲಿ ಬಿಪಿಗೆ ಹೆಚ್ಚಾಗಿ ಬರೆಯುವ ಟೆಲ್ಮಿಸಾರ್ಟನ್, ಎನಲಾಪ್ರಿಲ್ ಜಾತಿಯ ಮಾತ್ರೆಗಳು ಇಲ್ಲಿ ಹೆಚ್ಚೇನೂ ಮಾಡಲಾರವು. ಅವು ತಡೆಯುವುದು ಬೀಗರನ್ನು ಕರೆತರುವ ದಾರಿಯನ್ನು. ಬಂದು ಕೂತವರು ಬೀಗರೇ ಅಲ್ಲವಾದ್ದರಿಂದ ಆ ದಾರಿ ಮುಚ್ಚಿ ಪ್ರಯೋಜನವಿಲ್ಲ. ಇನ್ನು ಮೂತ್ರ ಹೆಚ್ಚಿಸುವ ಥಯಾಜೈಡ್ ಜಾತಿಯ ಮಾತ್ರೆ ನುಂಗುತ್ತಿರುವವರು ಜೊತೆಗೆ ದಿನಾ ಜ್ಯೇಷ್ಠಮಧುವಿನ ಕಷಾಯ ಕುಡಿದರೆ ಇನ್ನೊಂದು ಆಪತ್ತು. ಎರಡೂ ಪೊಟ್ಯಾಸಿಯಮ್ಮನ್ನು ಹೊರಗಟ್ಟುತ್ತವೆ. ಕೈಕಾಲು ಸೋಲುತ್ತವೆ, ಹೃದಯದ ಲಯ ತಪ್ಪುತ್ತದೆ. 2020ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದ ಒಂದು ಪ್ರಕರಣದಲ್ಲಿ 54 ವರ್ಷದ ಕಟ್ಟಡ ಕಾರ್ಮಿಕನೊಬ್ಬ ಕೆಲವು ವಾರ ದಿನಕ್ಕೆ ಒಂದೂವರೆ ಪೊಟ್ಟಣ ಲಿಕರಿಸ್ ಮಿಠಾಯಿ ತಿಂದು, ಪೊಟ್ಯಾಸಿಯಂ ಕುಸಿದು ಹೃದಯ ನಿಂತು ತೀರಿಕೊಂಡ.

ಕಾವಲುಗಾರನ ಕೈ ಕಟ್ಟುವುದು ಈ ಬೇರು ಮಾತ್ರವಲ್ಲ. ಕೋವಿಡ್ಡಿನ ಎರಡನೇ ಅಲೆಯ ಹಿಂದೆಯೇ ಬಂದ ಕಪ್ಪು ಶಿಲೀಂಧ್ರ ನೆನಪಿರಬಹುದು. ಅದಕ್ಕೆ ಬಳಸಿದ ಪೊಸಕೊನಜೋಲ್ ಕೂಡ ಕೆಲವರಲ್ಲಿ ಇದೇ ಕಿಣ್ವವನ್ನು ತಡೆದು ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಇನ್ನು ಕೆಲವೊಮ್ಮೆ ಕಾವಲುಗಾರ ಗಟ್ಟಿಯಾಗಿಯೇ ಇರುತ್ತಾನೆ, ಆದರೆ ಕಾರ್ಟಿಸಾಲಿನ ಜಾತ್ರೆಯೇ ಬಂದುಬಿಡುತ್ತದೆ. ಗಡ್ಡೆಯಿಂದಾಗಿ ಕಾರ್ಟಿಸಾಲ್ ವಿಪರೀತ ಹೆಚ್ಚುವ ಕುಶಿಂಗ್ ಕಾಯಿಲೆಯಲ್ಲಿ ಆಗುವುದು ಹಾಗೆ. ಒಬ್ಬನೇ ಎಷ್ಟು ಜನರ ಪೇಟ ಬಿಚ್ಚಿಯಾನು?

ಹಾಗಾದರೆ ಓಪಿಡಿಯ ಅಮ್ಮನ ಬಿಪಿಗೆ ಇದೇ ಕಾರಣವೇ? ಬಹುಪಾಲು ಜನರ ಬಿಪಿಗೆ ಇಂಥ ಒಂದೇ ಕಾರಣ ಇರುವುದಿಲ್ಲ. ವಯಸ್ಸು, ಉಪ್ಪು, ತೂಕ, ವಂಶ, ನಿದ್ದೆ, ಕುಡಿತ ಎಲ್ಲ ಸೇರಿ ಮಾಡಿದ ಕೆಲಸ ಅದು. ಆದರೂ ಅವರ ‘ಟೆನ್ಷನ್’ ಸಿದ್ಧಾಂತಕ್ಕೆ ಸಂಬಂಧಿಸಿದ ಒಂದು ಪ್ರಯೋಗ ಇಲ್ಲಿ ಹೇಳಬೇಕು. ಮೂರು ಬಗೆಯ ಮಾತ್ರೆ ನುಂಗಿದರೂ ಬಿಪಿ ಇಳಿಯದವರ ಮೇಲೆ ಬ್ರಿಟನ್ನಿನಲ್ಲಿ ನಡೆದ ಈ ಪರೀಕ್ಷೆಯ ಫಲಿತಾಂಶ 2015ರಲ್ಲಿ ಬಂತು. ನಾಲ್ಕನೆಯ ಮಾತ್ರೆಯಾಗಿ ಯಾವುದು ಒಳ್ಳೆಯದು ಎಂಬುದು ಪ್ರಶ್ನೆ. ಕಣದಲ್ಲಿದ್ದದ್ದು ಬೈಸೊಪ್ರೊಲಾಲ್, ಡಾಕ್ಸಜೋಸಿನ್, ಸ್ಪೈರೊನೊಲ್ಯಾಕ್ಟೋನ್. ಮೊದಲ ಎರಡು ತಡೆಯುವುದು ಅಡ್ರಿನಲಿನ್ ಕುಲದ ಹಾರ್ಮೋನುಗಳ ಗ್ರಾಹಿಗಳನ್ನು, ಅಂದರೆ ನಾಯಿ ಅಟ್ಟಿಸಿಕೊಂಡು ಬಂದಾಗ ಎದೆ ಬಡಿಸುವವುಗಳನ್ನು. ಗೆದ್ದದ್ದು ಮೂರನೆಯದು, ಎಲೆ ಮುಂದೆ ಸುಮ್ಮನೆ ಕೂರುವ ಹಳೆಯ ಸ್ಪೈರೊನೊಲ್ಯಾಕ್ಟೋನ್. ಹಟಮಾರಿ ಬಿಪಿಯ ಬೇರು ಎದೆಬಡಿತಕ್ಕಿಂತ ಹೆಚ್ಚಾಗಿ ಉಪ್ಪಿನಲ್ಲಿತ್ತು.

ಇನ್ನೊಂದು ಬೇರು

ಬೇರಿನ ಮಾತು ಬಂದ ಮೇಲೆ ಸರ್ಪಗಂಧವನ್ನು ಬಿಡುವಂತಿಲ್ಲ. ನಮ್ಮ ಪಶ್ಚಿಮಘಟ್ಟದ ಕಾಡಿನ ನೆರಳಿನಲ್ಲೂ ಬೆಳೆಯುವ ಗಿಡ. ಮುಂಬೈಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ಇದರ ಬೇರಿನಿಂದ ಬಿಪಿ ಇಳಿಯುವುದನ್ನು 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಬರೆದಾಗ ಪಶ್ಚಿಮದ ವೈದ್ಯರು ತಲೆಯೆತ್ತಿ ನೋಡಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಅದರಿಂದ ರಿಸರ್ಪಿನ್ ಬೇರ್ಪಡಿಸಿತು. ಬಿಪಿಯ ಮೊದಲ ಕೆಲವು ಆಧುನಿಕ ಮದ್ದುಗಳಲ್ಲಿ ಅದೊಂದು.

ಅದು ಕೆಲಸ ಮಾಡುವ ಬಗೆ ಕೂಡ ವಿಲೇವಾರಿಯದೇ. ನರಗಳ ತುದಿಯಲ್ಲಿ ಅಡ್ರಿನಲಿನ್ನಿನ ಸೋದರ ನಾರ್‌ಅಡ್ರಿನಲಿನ್ ಪುಟ್ಟ ಪುಟ್ಟ ಚೀಲಗಳಲ್ಲಿ ತುಂಬಿ ಕೂತಿರುತ್ತದೆ. ರಿಸರ್ಪಿನ್ ಆ ಚೀಲ ತುಂಬುವ ಕೆಲಸಕ್ಕೆ ಅಡ್ಡ ಬರುತ್ತದೆ. ಚೀಲಕ್ಕೆ ಸೇರದೆ ಹೊರಗುಳಿದ ಹಾರ್ಮೋನನ್ನು ಮಾವೊ ಕಿಣ್ವ ಒಡೆದುಹಾಕುತ್ತದೆ. ಮೂಟೆಗೆ ತುಂಬದೆ ಕಣದಲ್ಲೇ ಬಿಟ್ಟ ರಾಗಿಯನ್ನು ಗುಬ್ಬಿ ತಿಂದು ಮುಗಿಸಿದಂತೆ. ನರದ ಆಜ್ಞೆ ದುರ್ಬಲವಾಗುತ್ತದೆ, ರಕ್ತನಾಳ ಸಡಿಲಾಗುತ್ತದೆ, ಬಿಪಿ ಇಳಿಯುತ್ತದೆ. ಮಿದುಳಿನ ಚೀಲಗಳೂ ಬರಿದಾಗುವುದರಿಂದ ಕೆಲವರಿಗೆ ಮಂಕು ಕವಿಯುತ್ತಿತ್ತು. ಇಂದು ಈ ಮಾತ್ರೆಯ ಬಳಕೆ ಕಡಿಮೆ.

ಒಂದು ಬೇರು ಗುಬ್ಬಿಯ ಪಾಲು ಹೆಚ್ಚಿಸಿ ಬಿಪಿ ಇಳಿಸಿತು. ಇನ್ನೊಂದು ಬೇರು ಕಾವಲುಗಾರನ ಕೈ ಕಟ್ಟಿ ಬಿಪಿ ಏರಿಸಿತು. ಎರಡೂ ಗ್ರಂಧಿಗೆ ಅಂಗಡಿಯ ಸರಕೇ.

ಕೇಳಬೇಕಾದ ಪ್ರಶ್ನೆ

ಜ್ಯೇಷ್ಠಮಧುವಿನ ಒಂದು ಕಡ್ಡಿ ನನ್ನ ಮೇಜಿನ ಮೇಲಿದೆ. ಹೊರಗೆ ಸುಕ್ಕುಗಟ್ಟಿದ ಕಂದು ಸಿಪ್ಪೆ, ಮುರಿದರೆ ಒಳಗೆ ಅರಿಸಿನದಂಥ ಹಳದಿ ನಾರು. ಬಾಯಿಗೆ ಹಾಕಿದ ಕೂಡಲೇ ಸಿಹಿ ಬರುವುದಿಲ್ಲ. ನಾಲ್ಕು ಸಲ ಅಗಿದ ಮೇಲೆ ನಿಧಾನಕ್ಕೆ ಏರುತ್ತದೆ. ಉಗುಳಿದ ಎಷ್ಟೋ ಹೊತ್ತಿನ ಮೇಲೂ ನಾಲಿಗೆ ಬಿಟ್ಟು ಹೋಗುವುದಿಲ್ಲ. ದೇಹದೊಳಗೂ ಅದರ ನಡತೆ ಹಾಗೇ. ದಿನಾ ತಿನ್ನುವವರಲ್ಲಿ ವಾರ ಎರಡು ವಾರದಲ್ಲಿ ಬಿಪಿ ಏರತೊಡಗುತ್ತದೆ, ನಿಲ್ಲಿಸಿದ ಮೇಲೂ ಎಲ್ಲ ಮೊದಲಿನಂತಾಗಲು ಕೆಲವು ವಾರ ಹಿಡಿಯಬಹುದು. ಎರಡು ದಿನ ಕೆಮ್ಮಿಗೆಂದು ಒಂದು ಚೂರು ಅಗಿದ ಮಾತ್ರಕ್ಕೆ ಆರೋಗ್ಯವಂತರು ಹೆದರಬೇಕಿಲ್ಲ. ದಿನಕ್ಕೆ 100 ಮಿಲಿಗ್ರಾಂ ಗ್ಲಿಸಿರೈಜಿನ್ ದಾಟಬಾರದು ಎಂದು ಯುರೋಪಿನ ತಜ್ಞರು 2003ರಲ್ಲಿ ಹೇಳಿದ್ದರು. ಸ್ವೀಡನ್ನಿನಲ್ಲಿ 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಷ್ಟೇ ಪ್ರಮಾಣವನ್ನು ಎರಡು ವಾರ ಕೊಟ್ಟಾಗ ಆರೋಗ್ಯವಂತ ತರುಣ ತರುಣಿಯರ ಮೇಲಿನ ಬಿಪಿ ಸರಾಸರಿ ಮೂರು ಅಂಕಿ ಏರಿತು. ಬೇರಿನಿಂದ ಬೇರಿಗೆ ಸತ್ವದಲ್ಲಿ ಬಹಳ ವ್ಯತ್ಯಾಸವಿರುವುದರಿಂದ ಚಮಚದ ಲೆಕ್ಕದಲ್ಲಿ ಈ ಮಿತಿಯನ್ನು ಹಿಡಿಯುವುದೂ ಕಷ್ಟ. ಬಿಪಿ, ಹೃದಯ, ಮೂತ್ರಪಿಂಡದ ತೊಂದರೆ ಇರುವವರು, ಬಸುರಿಯರು ಇದರಿಂದ ದೂರ ಇರುವುದೇ ಲೇಸು.

ಮತ್ತೆ ಓಪಿಡಿಗೆ ಬನ್ನಿ. “ಏನೇನು ಔಷಧಿ ತಗೋತೀರಿ ಅಮ್ಮಾ?” ಎಂದು ಡಾಕ್ಟರು ಕೇಳಿದರೆ ಆ ಅಮ್ಮ ಪ್ಲಾಸ್ಟಿಕ್ ಕವರಿನಿಂದ ಮಾತ್ರೆಯ ಹಾಳೆಗಳನ್ನು ತೆಗೆದು ಮೇಜಿನ ಮೇಲೆ ಹರಡುತ್ತಾರೆ. ಅಡುಗೆಮನೆಯ ಡಬ್ಬಿಯಲ್ಲಿರುವುದು ಅವರ ಲೆಕ್ಕದಲ್ಲಿ ಔಷಧಿಯಲ್ಲ, ಹೇಳುವುದೂ ಇಲ್ಲ. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಬೇಕು.

“ಕೆಮ್ಮು ಬಂದ್ರೆ ಏನ್ ಮಾಡ್ಕೊಂಡು ಕುಡೀತೀರಿ?”

“ಕೆಮ್ಮು ಬರೋಕೇ ಬಿಡಲ್ಲ ಸಾರ್. ದಿನಾ ಬೆಳಗ್ಗೆ ಒಂದು ಲೋಟ ಜ್ಯೇಷ್ಠಮಧು ಕಷಾಯ.”